ಏಳರ ಚುಕ್ಕೆ

ಮಾಗಡಿ ರಸ್ತೆಯ ಆ ಟಾಕೀಸಿನ ಬೂತಿನಲ್ಲಿ
ದನಿಯ ಗುಂಡಿಯ ಸುತ್ತ ಸೊನ್ನೆಯಿಂದ ಹತ್ತು.
ಏಳರ ಎದುರಿಗೆ ಒಂದು ಕೆಂಪು ಚುಕ್ಕೆ,
ಪ್ಯಾರೇಜಾನ್ ಸಾಹೇಬರು ಉಗುರುಬಣ್ಣದಲ್ಲಿ ಇಟ್ಟದ್ದು.
ಯಾರ ಉಗುರಿನ ಬಣ್ಣವೆಂದು ನಾನು ಕೇಳಲಿಲ್ಲ.

"ಸಿನಿಮಾ ಮಾಡಿದೋನು ಏಳರಲ್ಲಿ ಕೂತು ಕೇಳಿರ್ತಾನೆ.
ನಾವು ಆರಕ್ಕಿಳಿಸಿದ್ರೆ
ಹಾಲಿಗೆ ನೀರು ಬೆರೆಸಿದಂಗೆ ಕಣೋ."

ಆದರೆ ಟ್ರೇಲರಿನ ಜಾತಿಯೇ ಬೇರೆ.
ಎರಡು ನಿಮಿಷದ ಆಯುಸ್ಸು,
ಅಷ್ಟರಲ್ಲೇ ಕೂಗಬೇಕು, ಮಾರಬೇಕು, ಹೋಗಬೇಕು;
ಕತ್ತಲಾಗುವ ಮುಂಚೆ ಕಲಾಸಿಪಾಳ್ಯದಲ್ಲಿ
ಉಳಿದ ಕೊತ್ತಂಬರಿ ಕಟ್ಟಿಗೆ ಎಂಥಾ ಗಂಟಲು!
ಏಳರಲ್ಲಿ ಬಿಟ್ಟರೆ ಬಾಲ್ಕನಿಯಲ್ಲಿ ಕೂಸು ಚೀರುತ್ತದೆ,
ಹಿಂದೆಯೇ ಮ್ಯಾನೇಜರ್ ಗಂಗಹನುಮಯ್ಯನವರ ಇಂಟರ್‌ಕಾಮ್.
ಆದ್ದರಿಂದ ನಾಲ್ಕೂವರೆ.
ಅಲ್ಲಿ ಚುಕ್ಕೆ ಇರಲಿಲ್ಲ. ಬೆರಳಿಗೆ ಗೊತ್ತಿತ್ತು.

ಸೆನ್ಸಾರ್ ಸರ್ಟಿಫಿಕೇಟು ಪರದೆಗೆ ಬಂದು
ಸದ್ದಿಲ್ಲದೆ ನಿಲ್ಲುತ್ತದಲ್ಲ, ಹತ್ತು ಸೆಕೆಂಡು,
ಅಷ್ಟೇ ನಮಗೆ ಸಿಗುತ್ತಿದ್ದ ಪುರುಸೊತ್ತು:
ನಾಲ್ಕೂವರೆಯಿಂದ ಏಳಕ್ಕೆ, ಮೆಲ್ಲಗೆ.
ಮರೆತ ದಿನ ಮೂರು ಗಂಟೆ ನಾಯಕ ಪಿಸುಗುಟ್ಟಿದ.

ಡಿಸ್ಕುಗಳು ಗಾಂಧಿನಗರದಿಂದ ಆಟೋದಲ್ಲಿ ಬರುತ್ತಿದ್ದವು,
ಡಬ್ಬಗಳು ಕಾಲ ಬಳಿ, ಡಿಸ್ಕು ರೆಪ್ ಲೋಕನಾಥನ ತೊಡೆಯ ಮೇಲೆ.
ಸಿನಿಮಾಗೆ ಎರಡು, ಟ್ರೇಲರುಗಳಿಗೇ ಇನ್ನೊಂದು.
ಫಿಲ್ಮಿನ ಅಂಚಿನ ಇರುವೆಸಾಲನ್ನು ಪೆಟ್ಟಿಗೆ ಓದುತ್ತದೆ,
ಓದಿ ಡಿಸ್ಕಿನಲ್ಲಿ ಆ ಗಳಿಗೆಯ ದನಿ ಹುಡುಕುತ್ತದೆ.
ತುಟಿ ಒಂದು ಕಡೆ, ಮಾತು ಒಂದು ಕಡೆ.
ಒರೆಸುವುದು ನಡುವಿನಿಂದ ಅಂಚಿಗೆ, ಹಳೇ ಬನಿಯನ್ನಿನಲ್ಲಿ.
ನಾನು ಸುತ್ತ ಒರೆಸಿದೆ ಒಮ್ಮೆ.
"ಊಟದ ತಟ್ಟೆ ತೊಳೀತಿದೀಯೇನೋ?"
ತಲೆಯ ಮೇಲೆ ಒಂದು ಬಿತ್ತು.

ಒಂದು ಶುಕ್ರವಾರ ಎರಡನೇ ಡಿಸ್ಕಿನ ಕವರಿನಲ್ಲಿ
ಬೇರೆ ಯಾವುದೋ ಸಿನಿಮಾದ ಎರಡನೇ ಡಿಸ್ಕು.
ಪೆಟ್ಟಿಗೆ ಗುರುತು ಹಿಡಿಯಲಿಲ್ಲ. ಹಸಿರು ದೀಪ ಆರಿತು,
ದನಿ ಹಳೆಯ ಟ್ರ್ಯಾಕಿಗೆ ಜಾರಿತು,
ಗೋಡೆಯ ಬಾಕ್ಸುಗಳೆಲ್ಲ ಬಾಯಿ ಮುಚ್ಚಿದವು.
ಎಂಟುನೂರು ಜನ. ಶಿಳ್ಳೆ ನಿಲ್ಲಲಿಲ್ಲ.
ಗೆದ್ದೆವು ಅಂದುಕೊಂಡೆ.

ಆಟ ಬಿಟ್ಟ ಮೇಲೆ ಕಬ್ಬಿಣದ ಮೆಟ್ಟಿಲೇರಿ ಬಂದರು
ಮುದ್ದುವೀರಯ್ಯ. ಕೈಯಲ್ಲಿ ಟಿಫಿನ್ ಕ್ಯಾರಿಯರು.
ರಾಜಾಜಿನಗರದ ಪ್ರೆಸ್ ಶಾಪಿನಲ್ಲಿ
ಇಪ್ಪತ್ತೆರಡು ವರ್ಷ ತಗಡು ಕತ್ತರಿಸಿ
ಬಲಗಿವಿಯನ್ನು ಅಲ್ಲೇ ಬಿಟ್ಟು ಬಂದವರು.
"ಇಂಟರ್‌ವಲ್ ಆದ್ಮೇಲೆ ಎಡಗೋಡೆ ಮಾತಾಡ್ಲೇ ಇಲ್ವಲ್ಲ?
ಇರೋದು ಒಂದೇ ಕಿವಿ ಸ್ವಾಮಿ,
ಅದಕ್ಕೇ ಗೋಡೆ ಪಕ್ಕದ ಸೀಟು ತಗೋತೀನಿ."

ಬೈಯಲಿಲ್ಲ. ದುಡ್ಡು ವಾಪಸು ಕೇಳಲಿಲ್ಲ.
ಸಾಹೇಬರು ಎದ್ದು ತಮ್ಮ ಸ್ಟೂಲು ಕೊಟ್ಟರು,
ನಾನು ಒಮ್ಮೆಯೂ ಕೂರದ ಸ್ಟೂಲು.

ಆಮೇಲೆ ಪ್ರತಿ ಶುಕ್ರವಾರ, ಬಾಗಿಲು ತೆರೆಯುವ ಮುಂಚೆ,
ಎಫ್ ಒಂದರಲ್ಲಿ ಬಲಗಿವಿ ಮುಚ್ಚಿಕೊಂಡು ನಾನು,
ಬೂತಿನ ಕಿಂಡಿಯಲ್ಲಿ ಅವರ ಗಡ್ಡ.
"ಇದೆಯಾ?"
"ಇದೆ."

ಈಗ ಮಾಲಿನಲ್ಲಿ ಐದು ಪರದೆ ನನ್ನ ಪಾಲಿಗೆ.
ಡಿಸ್ಕಿಲ್ಲ, ಇರುವೆಸಾಲಿಲ್ಲ.
ಟ್ರೇಲರಿಗೆ ಇಷ್ಟು, ಸಿನಿಮಾಗೆ ಇಷ್ಟು ಎಂದು ಬರೆದಿಟ್ಟರೆ
ಸರ್ವರು ತಾನೇ ತಿರುಗಿಸಿಕೊಳ್ಳುತ್ತದೆ, ಮರೆಯುವುದೂ ಇಲ್ಲ.
ಆದರೂ ಬೆಳಗಿನ ಮೊದಲ ಆಟಕ್ಕೆ ಮುಂಚೆ
ಗೋಡೆ ಪಕ್ಕ ಹೋಗಿ ಕೂರುತ್ತೇನೆ, ಒಂದು ಕಿವಿ ಮುಚ್ಚಿ.

ಪಾಪ್‌ಕಾರ್ನ್ ಹುಡುಗ ನೋಡಿದ ನಿನ್ನೆ.
"ಕಿವಿ ನೋವಾ ಸಾರ್?"
ಸುಮ್ಮನಿರು ಎಂದು ಕೈ ಮಾಡಿದೆ.
ಎಡಗೋಡೆ ಆಗತಾನೇ ಮಾತು ಶುರು ಮಾಡಿತ್ತು.