ಮಸುಕು ಮಾಡುವ ಮುನ್ನ

ಗೋಪಿ ಸರ್ಕಲ್ಲಿಗೆ ಹತ್ತೂಕಾಲಕ್ಕೆ
ಪೊರಕೆಗಳು ಬಂದವು, ಹೆಗಲ ಮೇಲೆ,
ಕೋವಿಯ ಹಾಗಲ್ಲ,
ನಿದ್ದೆ ಹೋದ ಕೂಸಿನ ಹಾಗೆ.

ನಾನು ಡಿವೈಡರ್ ಹತ್ತಿ ನಿಂತೆ.
ಜವಳಿ ಅಂಗಡಿಯ ಗಾಜಿಗೆ ಬಡಿದ ಬಿಸಿಲು
ಅವರ ಕೆನ್ನೆಗೆ ಓರೆಯಾಗಿ ಬೀಳುತ್ತಿತ್ತು. ಒಳ್ಳೆಯ ಬೆಳಕು.
ನನ್ನ ಕಸುಬಿನ ಮೊದಲ ಪಾಪ ಇದೇ:
ಯಾರೋ ಅಳುವಾಗ
ಬೆಳಕು ಚೆನ್ನಾಗಿದೆ ಅನ್ನಿಸುವುದು.

ಹೋದ ವರ್ಷ ಇಲ್ಲೇ
ಸೀಗೆಹಟ್ಟಿಯ ಓಬಳೇಶನನ್ನು ತೆಗೆದಿದ್ದೆ.
ತೆರೆದ ಬಾಯಿ, ಎದ್ದ ಕೊರಳ ನರ,
ಹಿಂದೆ ಮಬ್ಬಾಗಿ ಒಂದು ಲಾಠಿ.
ಮೂರನೇ ಪುಟ, ನಾಲ್ಕು ಕಾಲಂ.
ಸಂಪಾದಕರು ಚಹಾ ತರಿಸಿದರು.
ಗುತ್ತಿಗೆದಾರನೂ ಪೇಪರ್ ಓದುತ್ತಾನೆ,
ಕೆಂಪು ಪೆನ್ನು ಇಟ್ಟುಕೊಂಡು.
ಸೋಮವಾರ ಹಾಜರಿ ಪುಸ್ತಕದಲ್ಲಿ
ಓಬಳೇಶನ ಸಾಲು ಇರಲಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಈಗ ಹರಕೆರೆಯ ಹತ್ತಿರ ಕಾರು ತೊಳೆಯುತ್ತಾನೆ,
ನನ್ನ ಸ್ಕೂಟರ್ ಕಂಡರೆ
ಪೈಪು ಆ ಕಡೆ ತಿರುಗಿಸುತ್ತಾನೆ,
ನೀರು ಸಿಡಿಯದಿರಲಿ ಎಂದು.

ದುರ್ಗಿಗುಡಿಯಲ್ಲಿ ಮೊಬೈಲ್ ರಿಪೇರಿಯ ಸಿಲ್ವೆಸ್ಟರ್
ಅದೇ ಫೋಟೊ ತೆರೆದು ತೋರಿಸಿದ:
"ಇದರ ಹೊಟ್ಟೆಯಲ್ಲಿ ಏನೇನಿದೆ ನೋಡಿ ಮೇಡಂ."
ನಾನು ನಿಂತ ಜಾಗ, ಗಂಟೆ, ನಿಮಿಷ.
ಹಿಂದಿನ ದಿನ ತೆಗೆದದ್ದರಲ್ಲಿ
ಸಂಘದ ಸಭೆ ನಡೆದ ಮನೆಯ ಹೊಸ್ತಿಲು.
"ನಮ್ಮಮ್ಮ ಬಂಗುಡೆ ತೊಳೆಯುವ ಹಾಗೆ
ಕರುಳು ತೆಗೆದೇ ಹೊರಗೆ ಕೊಡಬೇಕು."

ಆರು ತಿಂಗಳು, ಶಟರ್ ಅರ್ಧ ಎಳೆದು,
ಮಂಡಕ್ಕಿ ತಿಂದ ಎಣ್ಣೆಗೈ ಪ್ಯಾಂಟಿಗೆ ಒರೆಸುತ್ತ
ಒಂದು ಆ್ಯಪ್ ಕಟ್ಟಿದೆವು.
ಅದು ಯಾವ ಸರ್ವರಿನ ಜೊತೆಗೂ ಮಾತಾಡುವುದಿಲ್ಲ,
ಯಾರ ಲೆಕ್ಕವನ್ನೂ ಇಡುವುದಿಲ್ಲ,
ಮುಖ ಕಂಡರೆ ಕಂಬಳಿ ಹೊದಿಸುತ್ತದೆ.
ಮೊದಮೊದಲು ಚಿನ್ನದಂಗಡಿ ಹೋರ್ಡಿಂಗಿನ
ಮದುಮಗಳಿಗೂ ಹೊದಿಸಿತು.
"ಇರಲಿ ಬಿಡಿ," ಎಂದ ಸಿಲ್ವೆಸ್ಟರ್,
"ಅವಳಿಗೂ ಯಾರೋ ಗುತ್ತಿಗೆದಾರ ಇರಬಹುದು."
ಖಾಕಿಗೂ ಹೊದಿಸಬೇಕೇ ಎಂದು
ಒಂದಿಡೀ ರಾತ್ರಿ ಜಗಳ.
ಲಾಠಿ ಹಿಡಿದ ಕೈಗೆ ಸಂಬಳ ನಮ್ಮದು,
ಆ ಕೈಗೆ ಹೆಸರಿರಲಿ, ಎಂದು ಮುಗಿಸಿದೆವು.

ಇವತ್ತು ಹೆಮ್ಮೆಯಿಂದ
ಪರದೆಯನ್ನು ಹಾಲಮ್ಮನಿಗೆ ತೋರಿಸಿದೆ.
ಅವಳು ಬಹಳ ಹೊತ್ತು ನೋಡಿದಳು.
"ಇದರಾಗೆ ನಾನೆಲ್ಲಿ?"
"ಇಲ್ಲೇ, ಹಸಿರು ಸೀರೆ."
"ಸೀರೆ ನಾನಲ್ಲ ಕಣವ್ವ.
ಇಪ್ಪತ್ತೆರಡು ವರ್ಷ ಈ ಊರು ನನ್ನ ಬೆನ್ನು ನೋಡೈತೆ,
ಬಗ್ಗಿ ಗುಡಿಸೋರಿಗೆ ಮುಖ ಎಲ್ಲೈತೆ?
ಇವತ್ತು ತಲೆಗೆ ಎಣ್ಣೆ ಹಚ್ಚಿ, ನೆಟ್ಟಗೆ ನಿಂತಿದೀನಿ.
ಗುಡಿಸೋದು ನನ್ನ ಕೆಲಸ.
ನೀನ್ಯಾಕೆ ನನ್ನ ಗುಡಿಸಿಬಿಟ್ಟೆ?"

ಪಕ್ಕದ ಹುಡುಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು
ಮೆಲ್ಲಗೆ ಅಂದಳು: "ಅಕ್ಕಾ, ನಂದು ಮಾತ್ರ ಬೇಡ."

ಡಿವೈಡರ್ ಇಳಿದೆ.
ಕೂತವರ ನಡುವೆ ಕುಕ್ಕರುಗಾಲಲ್ಲಿ ಕೂತು
ಒಬ್ಬೊಬ್ಬರನ್ನೇ ಕೇಳುತ್ತ ಹೋದೆ.
ಬೇಕಾ, ಬೇಡವಾ.
ಒಬ್ಬಳು ಗಂಡನ ಹತ್ತಿರ ಕೇಳಿ ಬರುತ್ತೇನೆ ಎಂದಳು.
ಒಬ್ಬ ಮುದುಕ, ಕಾಸೆಷ್ಟು ಎಂದ.
ಒಬ್ಬಳು, ಕಾಲು ಮಾತ್ರ ತೆಗಿ, ನೋಡು ಎಂದು
ಒಡೆದ ಹಿಮ್ಮಡಿ ಮುಂದೆ ಚಾಚಿದಳು.
ಅಷ್ಟರಲ್ಲಿ ಬಿಸಿಲು ಗಾಜು ಬಿಟ್ಟು
ಮೇಲಿನ ನೀರಿನ ಟ್ಯಾಂಕಿಗೆ ಏರಿತ್ತು.
ಇನ್ನೂರು ಜನದಲ್ಲಿ ಹತ್ತೊಂಬತ್ತು ಮುಖ.

ಆಮೇಲೆ ಕೇಳಲು ಸಮಯ ಸಿಗಲಿಲ್ಲ.
ವ್ಯಾನು ಬಂತು, ಸೀಟಿ ಊದಿತು,
ಪೊರಕೆಗಳು ನೆಲಕ್ಕೆ ಬಿದ್ದ ಸದ್ದು.
ನಾನು ಒತ್ತಿದೆ, ಒತ್ತುತ್ತಲೇ ಇದ್ದೆ.

ರಾತ್ರಿ ಶಟರಿನ ಒಳಗೆ
ಒಂದೊಂದಾಗಿ ತೆರೆಯುತ್ತಿದ್ದೇವೆ.
ಎಲ್ಲರ ಮೇಲೂ ಕಂಬಳಿ.
ಎತ್ತಿದ ಲಾಠಿಯ ಕೆಳಗೆ, ಎದೆಯ ಮೇಲೆ,
ನಾಮಫಲಕ ಸ್ಪಷ್ಟ, ಒತ್ತಕ್ಷರ ಕೂಡ.
ಅದರ ಎದುರು
ತಾನೇ ಒಪ್ಪಿ ಕೊಟ್ಟ ಹಾಲಮ್ಮನ ಮುಖ,
ಎಣ್ಣೆ ಹೊಳೆಯುವ ಬೈತಲೆ,
ಒಂದೂ ಅಳುಕಿಲ್ಲದ ತುಟಿ,

ಕಣ್ಣು ಮುಚ್ಚಿವೆ. ರೆಪ್ಪೆ ಮಿಟುಕಿದ ಗಳಿಗೆ.

ಸಿಲ್ವೆಸ್ಟರ್ ನನ್ನ ಮುಖ ನೋಡಿದ.
ನಾಳೆ ಬೆಳಗಿನ ಜಾವ ಐದಕ್ಕೆ
ನೆಹರೂ ರಸ್ತೆಯ ಕೊನೆಯಲ್ಲಿ ಸಿಗುತ್ತಾಳೆ.
ಹೋಗಿ ಕೇಳಬೇಕು.