ಎಡದ ಪೆಡಲು

ಮಂಡಕ್ಕಿ ಭಟ್ಟಿಯ ಖಾಲಿ ಚೀಲ ನಾಲ್ಕು,
ಸುತಳಿ ಒಂದುಂಡೆ,
ದಬ್ಬಣ ಎಂದಿನಂತೆ ತುರುಬಿನಲ್ಲಿ.
"ಕೆಂಚಕ್ಕ, ಟೇಷನ್ನಿಗೆ ಬಾ ಬೇಗ" ಎಂದ ಬುಡೇನ್,
"ಸೈಕಲ್ಲೊಂದೈತಿ, ಅದರ ಹುಡುಗೀನೂ ಐತಿ,
ಇಬ್ಬರನ್ನೂ ಸಮಾಧಾನ ಮಾಡಬೇಕು."

ದಾವಣಗೆರೆ ಪಾರ್ಸಲ್ ಕಚೇರಿಯ ಗೋಡೆಗೊರಗಿ
ನವಿಲಿನ ಕತ್ತಿನ ಬಣ್ಣ.
ನನ್ನ ಒಂದು ವರ್ಷದ ಹೊಲಿಗೆಯ ದುಡ್ಡು
ಅದರ ಹಿಂದಿನ ಗಾಲಿಗೂ ಸಾಲದು.
ಸಿಂಚನಾ ಅಂತೆ, ಆನಗೋಡಿನವಳು,
ಬಿಕಾನೇರಿನ ರೇಸಿಗೆ ಹೊರಟವಳು,
ಸಂತೆಗೆ ತಂದ ಎಮ್ಮೆಯ ಹಗ್ಗ
ಬಿಡಲಾರದವರ ಹಾಗೆ ಹ್ಯಾಂಡಲ್ ಹಿಡಿದಿದ್ದಳು.

"ಬಿಡವ್ವ" ಅಂದೆ,
"ಬಿಚ್ಚದೆ ಯಾವುದೂ ಅಷ್ಟು ದೂರ ಹೋಗಂಗಿಲ್ಲ."

ಮೊದಲು ಪೆಡಲು.
ಬಲದ್ದು ಲೋಕದಂತೆ ಬಿಚ್ಚಿಕೊಳ್ಳುತ್ತೆ.
ಎಡದ್ದು ಉಲ್ಟಾ,
ಬಿಗಿಮಾಡುವ ಕಡೆ ತಿರುಗಿಸಿದರೆ ಸಡಿಲಾಗುತ್ತೆ.
ನಮ್ಮತ್ತೆ ಹಾಗೇ ಇದ್ದಳು.

ಗಾಲಿಯ ಗಾಳಿ ಅರ್ಧ ಇಳಿಸು, ಪೂರ್ತಿ ಬೇಡ,
ರಿಮ್ಮಿಗೂ ನೆಲಕ್ಕೂ ನಡುವೆ
ಒಂದಿಷ್ಟು ಉಸಿರಿರಲಿ.
ಹ್ಯಾಂಡಲ್ಲು ಅಡ್ಡ,
ಮಲಗಿದ ಕುರಿ ಕತ್ತು ಹೊರಳಿಸಿಕೊಂಡ ಹಾಗೆ.
ಚೈನಿಗೆ ಹಳೇ ಲಂಗದ ತುಂಡು.
ಹಿಂದಿನ ಗೇರಿನ ಸುತ್ತ ಮೆತ್ತಗಿರಲೆಂದು
ಒಂದು ಕವರು ಮಂಡಕ್ಕಿ ಕಟ್ಟಿದೆ.
ಪುಡಿಯಾದರೆ ಅದು ಪುಡಿಯಾಗಲಿ.
"ಇಲಿ ಬರಲ್ವಾ ಅಕ್ಕಾ?"
ಹೌದಲ್ಲ.
ಬಿಚ್ಚಿದೆವು. ಬುಡೇನ್ ಹಸಿಮೆಣಸಿನಕಾಯಿ ತಂದ.
ಮೂವರೂ ಕೂತು ತಿಂದೆವು.
ಗೇರಿಗೆ ಹತ್ತಿ ತುರುಕಿದೆ.

ಮುಂದಿನ ಗಾಲಿ ತೆಗೆದ ಜಾಗಕ್ಕೆ,
ಫೋರ್ಕಿನ ಎರಡು ಕಾಲಿನ ನಡುವೆ
ಆರು ಬೆರಳಿನ ಜಾಲಿಕಟ್ಟಿಗೆ.
"ಇದ್ಯಾಕೆ?"

ಇಪ್ಪತ್ತೆರಡು ವರ್ಷದ ಹಿಂದೆ
ಮೀರಜ್ಜಿಗೆ ಹೊರಟಿದ್ದ ಕಂಪೌಂಡರ್ ತಿಪ್ಪೇಶಪ್ಪನ ಗಾಡಿ
ಕಟ್ಟಿಗೆಯಿಲ್ಲದೆ ಹೊಲಿದಿದ್ದೆ.
ಮೇಲೆ ಬೆಲ್ಲದ ಪೆಂಟೆ ಹೇರಿದರಂತೆ.
ಕಾಲೆರಡೂ ಒಳಕ್ಕೆ ಬಾಗಿ
ಕೈಮುಗಿದ ಹಾಗೆ ಇಳಿಯಿತಂತೆ.
ಹೇಳಿದ್ದು ಹಮಾಲಿ, ಅವರಲ್ಲ.
ಅವರಿಂದ ಒಂದು ಕಾರ್ಡು, ಬುಡೇನ್ ಓದಿದ್ದ:
"ತಂಗಿ, ಗಾಡಿ ಬಂತು."
ಅಷ್ಟೇ. ಒಂದು ಬೈಗುಳ ಇದ್ದಿದ್ದರೆ
ನಾನೂ ತಿರುಗಿ ಬೈದು ಮರೆಯುತ್ತಿದ್ದೆ.
ಅವತ್ತಿನಿಂದ ಎಲ್ಲದಕ್ಕೂ ಕಟ್ಟಿಗೆ.
ಕೂಲಿಯಲ್ಲಿ ಅದರ ಲೆಕ್ಕವಿಲ್ಲ.

ಇದನ್ನೆಲ್ಲ ಹುಡುಗಿಗೆ ಹೇಳಲಿಲ್ಲ.
"ಭಾರ ತಡೀಲಿ ಅಂತ" ಅಂದೆ.

ಹೆಸರು ಎರಡು ಸಲ ಬರೆಸಿದೆ,
ಒಂದು ಚೀಲದ ಮೇಲೆ, ಒಂದು ಒಳಗೆ.
ಹೊರಗಿನದು ಹರಿದರೆ ಒಳಗಿನದು ಮಾತಾಡಲಿ.
ಆಮೇಲೆ ಹೊಲಿಗೆ, ಗೇಣಿಗೆ ಐದು,
ಪ್ರತಿ ಐದಕ್ಕೊಂದು ಗಂಟು.
ಎಲ್ಲ ಮುಗಿದು ಸುತಳಿ ಹಲ್ಲಲ್ಲಿ ಕಡಿದು
ಏಳಬೇಕು, ಮಡಿಲಿನಿಂದ ಟಣ್ಣೆಂದು ಬಿತ್ತು
ಪೆಡಲು.
ಎಡದ್ದೇ.

ನಕ್ಕವಳು ಅವಳು, ಮೊದಲ ಸಲ.
ಒಂದು ಗೇಣು ಬಿಚ್ಚಿ ಒಳಗೆ ಕಟ್ಟಿದೆ.
ಆಗ ಕೇಳಿದಳು: "ಅಲ್ಲಿಂದ ಬರುವಾಗ
ಯಾರು ಹೊಲೀತಾರೆ?"
ಇಷ್ಟು ವರ್ಷ ಇಲ್ಲಿಂದ ಕಳಿಸಿದ್ದೇ ಆಯಿತು,
ವಾಪಸ್ಸಿನ ಯೋಚನೆ ನನಗೆ ಬಂದೇ ಇರಲಿಲ್ಲ.

ದಬ್ಬಣ ಕೊಟ್ಟೆ.
ಬಿಚ್ಚಿದ ಗೇಣನ್ನು ಅವಳೇ ಹೊಲಿದಳು,
ನಾಲಗೆ ಕಚ್ಚಿಕೊಂಡು, ತೂಕದ ಗುಮಾಸ್ತ
ಎರಡು ಸಲ ಕೂಗಿದರೂ ಏಳದೆ.
ಸೊಟ್ಟಗಿತ್ತು.
ಎಳೆದು ನೋಡಿದೆ, ಗಟ್ಟಿಯಿತ್ತು.