ಷರಾ

ಬೆಳಿಗ್ಗೆ ಆರಕ್ಕೆ ಫೋನಿನಲ್ಲಿ ಬಂಗೇರರ ದನಿ,
ದನಿಯ ಹಿಂದೆ ಗಾಳಿ, ಗಾಳಿಯ ಹಿಂದೆ ಏನೋ ಉರುಳುವ ಸದ್ದು:
"ಜವರಕ್ಕ, ಇವತ್ತು ಅಲೆ ಆರೂವರೆ ಅಡಿ,
ಒಂದಕ್ಕೂ ಇನ್ನೊಂದಕ್ಕೂ ನಡುವೆ ಹನ್ನೆರಡು ಸೆಕೆಂಡು,
ಗಾಳಿ ನೈಋತ್ಯದಿಂದ. ನಾಳೆ ಇದಕ್ಕಿಂತ ಜೋರುಂಟು.
ಪಾದೆಯ ಮೇಲೆ ಅಲೆ ಬಿಚ್ಚಿಕೊಳ್ಳುವುದಿಲ್ಲ, ಒಮ್ಮೆಗೇ ಮುಚ್ಚಿಬಿಡ್ತದೆ.
ಹಲಗೆ ಹಿಡಿದು ಬಂದ ಹುಡುಗರನ್ನು ವಾಪಸು ಕಳಿಸಿದೆ."

ನಾನು ಸಮುದ್ರ ನೋಡಿದವಳಲ್ಲ.
ಗಂಜಾಮಿನ ಕೆಳಗೆ, ಹೊಳೆಯ ಮೆಟ್ಟಿಲಿಗೆ ಬಡಿದ
ಕಪ್ಪುಬಿಳಿ ಅಳತೆಪಟ್ಟಿ ಓದುವವಳು.
ದಿನಕ್ಕೆ ಮೂರು ಸಲ, ಹೊಳೆ ಬಂದರೆ ಗಂಟೆಗೊಂದು ಸಲ,
ನೀರು ಎಲ್ಲಿ ಮುಟ್ಟಿದೆ ಅಂತ ರಿಜಿಸ್ಟರಿಗೆ ಏರಿಸುವವಳು.

ಬಂಗೇರರು ಸಿಕ್ಕಿದ್ದು ಮೈಸೂರಿನ ದೊಡ್ಡಾಸ್ಪತ್ರೆ ಜಗಲಿಯಲ್ಲಿ.
ಮೈಸೂರಿಗೆ ಕೊಟ್ಟ ಅವರ ಅಕ್ಕ ಮೂರನೇ ಮಂಚ,
ನಮ್ಮತ್ತೆ ನಾಲ್ಕನೇ ಮಂಚ.
ಹತ್ತು ರಾತ್ರಿ ಒಂದೇ ಫ್ಲಾಸ್ಕಿನ ಟೀ.
ಅವರು ಬಂಗುಡೆ ಅಂದರೆ ನಾನು ಹೊಳೆಮೀನು ಅಂದೆ.
ಹತ್ತನೆಯ ರಾತ್ರಿ ಲೆಕ್ಕ ಕೂಡಿತು:
ಅವರ ಕಡಲು ಕೆಡಿಸುವ ಮೋಡವೇ
ಘಟ್ಟ ಹತ್ತಿ ಸುಸ್ತಾಗಿ, ಕೊಡಗಿನಲ್ಲಿ ಹೊರೆ ಇಳಿಸಿ,
ನಾಲ್ಕನೇ ದಿನ ಕೆಂಪಗೆ ನನ್ನ ಮೆಟ್ಟಿಲಿಗೆ ಬರುವುದು.
ಅವತ್ತಿನಿಂದ ಅವರ ಸೋಮವಾರ ನನ್ನ ಗುರುವಾರ.

ಒಂದು ವರ್ಷ ಷರಾ ಕಾಲಮಿನಲ್ಲಿ ಬರೆದುಬಿಟ್ಟೆ:
ಗುರುವಾರ ಏರುತ್ತದೆ. ಪಾದೆಯ ಮೇಲೆ ಏಳಡಿ.
ಸಾಹೇಬರು ಕನ್ನಡಕ ತೆಗೆದರು. "ಯಾವ ಪಾದೆ?"
ಆಮೇಲೆ, "ಇರೋದನ್ನ ಬರಿಯಮ್ಮ, ಬರೋದನ್ನಲ್ಲ.
ಬರೋದಕ್ಕೆ ಬೇರೆಯವರಿದ್ದಾರೆ."

ಇದ್ದಾರೆ. ಮೇಲೆ ಕಟ್ಟೆ ಇದೆ, ಕಟ್ಟೆಗೆ ಗೇಟುಗಳಿವೆ.
ಮೋಡ ಬಂಗೇರರದ್ದಾದರೂ ಗೇಟು ಅವರದ್ದಲ್ಲ.
ಎಷ್ಟೋ ಸೋಮವಾರಗಳು ಕಟ್ಟೆಯ ಹೊಟ್ಟೆಯಲ್ಲೇ ಉಳಿದವು.
ಅಂಥ ಒಂದು ವರ್ಷ ಹರಿಗೋಲುಗಳನ್ನೆಲ್ಲ ಮೇಲೆ ಹೊರಿಸಿ,
ದಡದ ಸೌತೆಬಳ್ಳಿ ಕೀಳಿಸಿ ಕೂತೆ.
ಹೊಳೆ ಕಣಕಾಲು ದಾಟಲಿಲ್ಲ.
ಹರಿಗೋಲಿನ ಬೋರಯ್ಯ ಸಿಕ್ಕಿದಲ್ಲೆಲ್ಲ ಕೇಳುತ್ತಿದ್ದ,
"ಏನಕ್ಕ, ನಿನ್ ಸಮುದ್ರ ಬಸ್ಸು ತಪ್ಪುಸ್ಕೊಂಡ್ತಾ?"

ಈ ಸಲ ಕಟ್ಟೆ ತುಂಬಿದೆ.
ತುಂಬಿದ ಕಟ್ಟೆಗೆ ಗುಟ್ಟು ಇಟ್ಟುಕೊಳ್ಳಲು ಜಾಗವಿಲ್ಲ.
ಮಂಗಳವಾರದ ದನಿ: "ಒಂಬತ್ತಡಿ ಮಾರಾಯ್ತಿ, ದೋಣಿ ಒಂದೂ ಇಳಿದಿಲ್ಲ.
ಪಾದೆ ಕಾಣುವುದೇ ಇಲ್ಲ, ಬಿಳಿ ಮಾತ್ರ."
ಬುಧವಾರ ದನಿ ಇಲ್ಲ. ಗುರುವಾರವೂ ಇಲ್ಲ.
ಬೋರಯ್ಯನಿಗೆ ಹೇಳಿದೆ. ನಗಲಿಲ್ಲ.
ಹರಿಗೋಲು ಬೋರಲು ಹೊತ್ತು
ಆಮೆಯ ಹಾಗೆ ಮೆಟ್ಟಿಲು ಹತ್ತಿದ.

ಶುಕ್ರವಾರ ನಸುಕಿಗೆ ಸೈರನ್.
ಬೆಳಗಾಗುವುದರೊಳಗೆ ಹತ್ತು ಮೆಟ್ಟಿಲು ಹೋದವು.
ಪಟ್ಟಿಯನ್ನು ಟಾರ್ಚು ಬಿಟ್ಟು ಓದಿದೆ.
ನಡುಹೊಳೆಯಲ್ಲಿ, ಬೇಸಿಗೆಯಲ್ಲಿ ನಾವು ಬಟ್ಟೆ ಹರಡುವ ಬಂಡೆಯ ಮೇಲೆ,
ಒಂದು ಅಲೆ ನಿಂತಿತ್ತು.
ನಿಂತೇ ಇತ್ತು. ಗಂಟೆ ಕಳೆದು ಮತ್ತೆ ಓದಲು ಬಂದಾಗಲೂ ಅಲ್ಲೇ.
ಕೆಂಪು ನೀರು ಅದರೊಳಕ್ಕೆ ನುಗ್ಗಿ, ಅದೇ ಆಗಿ,
ಅದನ್ನು ಬಿಟ್ಟು ಹೋಗುತ್ತಿತ್ತು.

ಮಧ್ಯಾಹ್ನ ಬಂಗೇರರು ಸಿಕ್ಕಿದರು. ಎರಡು ದಿನ ಕರೆಂಟಿರಲಿಲ್ಲವಂತೆ.
ಅಲೆಯ ಸಂಗತಿ ಹೇಳಿದೆ.
ಸ್ವಲ್ಪ ಹೊತ್ತು ಬರೀ ಗಾಳಿ ಕೇಳಿಸಿತು.
"ನಮ್ಮಲ್ಲಿ ಅಲೆ ಬರ್ತದೆ ಜವರಕ್ಕ, ನೀರು ಇದ್ದಲ್ಲೇ ಇರ್ತದೆ.
ನಿಮ್ಮಲ್ಲಿ ನೀರು ಹೋಗ್ತದೆ, ಅಲೆ ಕಾಯ್ತದೆ."
"ಯಾರನ್ನ?"
ಅದು ಅವರಿಗೂ ಗೊತ್ತಿರಲಿಲ್ಲ.
"ಅಲ್ಲಿಂದ ಮುಂದೆ ಎಲ್ಲಿಗೆ?" ಅಂದರು.
"ಮೂಡ್ಲಾಗೆ. ಇನ್ನೊಂದು ಸಮುದ್ರಕ್ಕೆ."
"ಓ," ಅಂದರು,
ಕೊಟ್ಟ ಕೈಸಾಲ ಬೇರೆ ಯಾರಿಗೋ ಸಂದಿತು ಅನ್ನುವವರ ಹಾಗೆ.

ರಿಜಿಸ್ಟರಿಗೆ ಏರಿಸಿದೆ: ಪಟ್ಟಿ, ಹೊತ್ತು, ಸಹಿ.
ಷರಾ: ಮೋಡ ಕವಿದಿದೆ.
ಕಾಲಮು ಕಿರಿದು. ಯಾರ ಮೋಡ ಅಂತ ಬರೆಯಲಿಲ್ಲ.

ಇವತ್ತು ಆರಕ್ಕೆ ಬಂದ ದನಿ: ಗಾಳಿ ಇಳಿಯಿತು.
ಪಾದೆಯ ಮೇಲೆ ಮೂರಡಿ, ಬಲಕ್ಕೆ ಸೊಗಸಾಗಿ ಬಿಚ್ಚಿಕೊಳ್ಳುತ್ತದಂತೆ,
ಹುಡುಗರು ಹಲಗೆಗೆ ಮೇಣ ಉಜ್ಜುತ್ತಿದ್ದಾರಂತೆ.
ನಾನು ಒಳಗೆ ಹೋಗಿ
ಸೌತೆಬೀಜ ನೆನೆಹಾಕಿದೆ.